ಅಜ್ಜಿ ಬಿದ್ದು 9 ದಿನವಾಗಿತ್ತು

ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದ ಸುದ್ದಿ ನನಗೆ ತಲುಪಿದ್ದು 9 ದಿನ ಕಳೆದ ಮೇಲೆ. ಅದನ್ನೂ ಅಮ್ಮ ಹೇಳಲಿಲ್ಲ. ಚಿಕ್ಕಪ್ಪನ ಮಗ ಫೋನಿನಲ್ಲಿ ಏನೋ ಮಾತಾಡ್ತಾ, "ಅಜ್ಜಿ ಕೈ ಪ್ಲಾಸ್ಟರ್ ಮುಂದಿನ ತಿಂಗಳು ಬಿಚ್ತಾರಂತೆ" ಅಂದ. ಯಾವ ಪ್ಲಾಸ್ಟರ್ ಅಂತ ಕೇಳಿದೆ. ಆ ಕಡೆ ಸದ್ದೇ ಇಲ್ಲ.

ತಕ್ಷಣ ಅಮ್ಮನಿಗೆ ಫೋನ್ ಮಾಡಿ ಕೂಗಾಡಿದೆ. ಅಮ್ಮ ಸಮಾಧಾನವಾಗಿಯೇ ಹೇಳಿದರು: "ನಿಂಗೆ ಪರೀಕ್ಷೆ ಇತ್ತಲ್ಲ ಮಾರಾಯ್ತಿ. ಸುಮ್ನೆ ಅವಳಿಗ್ಯಾಕೆ ತಲೆಬಿಸಿ ಅಂತ ಅಪ್ಪಯ್ಯನೇ ಬೇಡ ಅಂದ್ರು."

ಫೋನ್ ಇಟ್ಟ ಮೇಲೆ ಹಾಸ್ಟೆಲ್ ರೂಮಿನಲ್ಲಿ ತುಂಬಾ ಹೊತ್ತು ಹಾಗೇ ಕೂತಿದ್ದೆ. ಅವರು ಮುಚ್ಚಿಟ್ಟಿದ್ದಕ್ಕೆ ಬಂದ ಸಿಟ್ಟು ಬೇಗ ಇಳಿಯಿತು. ನನ್ನ ಹೊತ್ತನ್ನು ಮನೆಯವರು ಉಳಿಸಿಕೊಡೋಕೆ ಶುರು ಮಾಡಿದ್ದಾರೆ, ಅದು ಮಾತ್ರ ಚುಚ್ಚುತ್ತಲೇ ಇತ್ತು. ನೆಂಟರಿಗೆ ತೊಂದರೆ ಆಗಬಾರದು ಅಂತ ನೋಡಿಕೊಳ್ಳುತ್ತಾರಲ್ಲ, ಹಾಗೆ.

ನಮ್ಮದು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ, ಅಡಿಕೆ ತೋಟದ ಮನೆ. ಬೆಂಗಳೂರಿನಲ್ಲಿ 3 ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ, ಆಮೇಲೆ ಮ್ಯಾನೇಜ್‌ಮೆಂಟ್ ಓದಲು ಬನ್ನೇರುಘಟ್ಟ ರಸ್ತೆಯ ಐಐಎಂಗೆ ಸೇರಿದೆ. ಬಿಡಲು ಅಪ್ಪಯ್ಯ ಬಂದಿದ್ದರು. ಆ ಕ್ಯಾಂಪಸ್ಸು ವಾಸ್ತುಶಿಲ್ಪಿ ಬಿ.ವಿ. ದೋಶಿಯವರು ವಿನ್ಯಾಸ ಮಾಡಿದ್ದು. ಎಲ್ಲಿ ನೋಡಿದರೂ ಒರಟು ಕಲ್ಲಿನ ಗೋಡೆ, ಮೇಲೆ ಆಕಾಶ ಕಾಣುವ ಉದ್ದುದ್ದ ಓಣಿಗಳು, ಕಂಬ ತಬ್ಬಿದ ಬಳ್ಳಿ. ಅಪ್ಪಯ್ಯ ಗೋಡೆ ಮುಟ್ಟಿ ನೋಡಿ, "ನಮ್ಮ ಜಗಲಿ ತರಾನೇ ತಂಪಿದೆ, ನೀನು ಆರಾಮಾಗಿ ಇರ್ತೀಯ ಬಿಡು" ಅಂದರು. ನಾನೂ ಹಾಗೇ ಅಂದುಕೊಂಡೆ.

ದಿನಕ್ಕೆ ಎರಡು ಮೂರು ಕೇಸ್, ಅಂದರೆ ಕ್ಲಾಸಿನಲ್ಲಿ ಚರ್ಚಿಸೋಕೆ ಯಾವುದೋ ಕಂಪನಿಯ ಸಮಸ್ಯೆಯ ಕಥೆ, ಒಂದೊಂದೂ ಹದಿನೈದು ಇಪ್ಪತ್ತು ಪುಟ. ಕ್ಲಾಸಿನಲ್ಲಿ ಬಾಯಿ ಬಿಟ್ಟರೆ ಅದಕ್ಕೂ ಅಂಕ. ಗ್ರೂಪ್ ಮೀಟಿಂಗ್ ಶುರುವಾಗೋದೇ ರಾತ್ರಿ 11ಕ್ಕೆ. ಅದರ ಜೊತೆಗೆ ಕ್ಲಬ್ಬು, ಬೇಸಿಗೆ ಇಂಟರ್ನ್‌ಶಿಪ್ಪಿನ ತಯಾರಿ. ಇಷ್ಟನ್ನೂ ನನ್ನ ತಲೆ ಮೇಲೆ ಯಾರೂ ಹೇರಲಿಲ್ಲ, ಬಹಳಷ್ಟು ನಾನೇ ಕೇಳಿ ತಗೊಂಡಿದ್ದು. ಫೋನಿನ ಕ್ಯಾಲೆಂಡರಿನಲ್ಲಿ ಕ್ಲಾಸಿಗೆ ನೀಲಿ, ಗ್ರೂಪಿಗೆ ಹಳದಿ, ಕ್ಲಬ್ಬಿಗೆ ಹಸಿರು. ಬಿಳಿ ಜಾಗ ಕಂಡರೆ ಏನೋ ತಪ್ಪು ಮಾಡ್ತಿದ್ದೀನಿ ಅನ್ನಿಸುತ್ತಿತ್ತು. ಮನೆಗೂ ಒಂದು ಬಣ್ಣ ಕೊಟ್ಟಿದ್ದೆ: ಭಾನುವಾರ ರಾತ್ರಿ 9ರಿಂದ 9.15. ಆ ಕಾಲು ಗಂಟೆಯಲ್ಲೂ ಫೋನ್ ಸ್ಪೀಕರಿಗೆ ಹಾಕಿ ಸ್ಲೈಡ್ ಮಾಡ್ತಿದ್ದೆ. ಅಮ್ಮನಿಗೆ ಕೀಬೋರ್ಡ್ ಸದ್ದು ಕೇಳುತ್ತಿತ್ತು. "ಟಕಟಕ ಕೇಳ್ತಿದೆ, ನೀ ಕೆಲಸ ಮುಗಿಸ್ಕೋ, ಆಮೇಲೆ ಮಾತಾಡಿದ್ರಾಯ್ತು" ಅಂತ ಇಟ್ಟುಬಿಡುತ್ತಿದ್ದರು. ಆ ಆಮೇಲೆ ಮತ್ತೆ ಮುಂದಿನ ಭಾನುವಾರವೇ.

ಅಜ್ಜಿಯ ವಿಷಯ ಗೊತ್ತಾದ ವಾರವೇ ಆಪರೇಷನ್ಸ್ ಕ್ಲಾಸಿನಲ್ಲಿ, ಅಂದರೆ ಕಂಪನಿಯ ದಿನದ ಕೆಲಸ ನಡೆಸೋದನ್ನು ಕಲಿಸುವ ಕ್ಲಾಸಿನಲ್ಲಿ, ಕ್ಯೂಗಳ ಪಾಠ ಬಂತು. ಒಂದೇ ಒಂದು ಟಿಕೆಟ್ ಕೌಂಟರ್. ಜನ ಅವರವರ ಪಾಡಿಗೆ ಬರುತ್ತಾರೆ, ಒಬ್ಬೊಬ್ಬರಿಗೆ ಹಿಡಿಯುವ ಹೊತ್ತೂ ಬೇರೆ ಬೇರೆ. ಕೌಂಟರಿನವರು 100 ನಿಮಿಷದಲ್ಲಿ 80 ನಿಮಿಷ ಕೆಲಸದಲ್ಲಿದ್ದರೆ, ಕೌಂಟರಿನ ಮುಂದೆ ಇರುವವರೂ ಸೇರಿ ಸರಾಸರಿ 4 ಜನ ಅಲ್ಲಿರುತ್ತಾರೆ. 90 ನಿಮಿಷ ಆದರೆ 9 ಜನ. 95 ಆದರೆ 19! ಕೆಲಸ ಜಾಸ್ತಿಯಾಗಿದ್ದು ಬರೀ 5 ನಿಮಿಷ, ಜನ ಮಾತ್ರ ದುಪ್ಪಟ್ಟಿಗೂ ಮೇಲೆ. 100 ಮುಟ್ಟಿದರಂತೂ ಸಾಲು ಕರಗುವ ಮಾತೇ ಇಲ್ಲ, ಬೆಳೆಯುತ್ತಲೇ ಹೋಗುತ್ತದೆ.

ಬೋರ್ಡಿನ ಮೇಲೆ ಈ ಲೆಕ್ಕದ ಗ್ರಾಫಿನ ಗೆರೆ ಒಮ್ಮೆಲೇ ಮೇಲಕ್ಕೆ ಎದ್ದಿತ್ತು. ನನಗೆ ಅದರಲ್ಲಿ ಕಂಡಿದ್ದು ನನ್ನ ಕ್ಯಾಲೆಂಡರು. ದಿನವನ್ನು 95ರವರೆಗೆ ತುಂಬಿಟ್ಟಿದ್ದೆ. ಅಜ್ಜಿ ಹೇಳಿ ಕೇಳಿ ಬೀಳ್ತಾರಾ? ಪಕ್ಕದ ರೂಮಿನವಳು ಅಳ್ತಾ ಬಾಗಿಲು ಬಡಿಯೋದು ಮೊದಲೇ ಬುಕ್ ಮಾಡಿಕೊಂಡಾ? ಅಂಥದ್ದೆಲ್ಲ ಹೋಗಿ ಸಾಲಿನ ಕೊನೆಯಲ್ಲಿ ನಿಲ್ಲುತ್ತಿತ್ತು. ಅಮ್ಮ ಸಾಲು ನೋಡಿ ವಾಪಸ್ ಹೋಗಿದ್ದರು, ಅಷ್ಟೇ.

ಆ ಶುಕ್ರವಾರ ಊರಿಗೆ ಹೊರಟೆ. ಸೋಮವಾರ ಒಂದು ಪ್ರೆಸೆಂಟೇಷನ್ ಇತ್ತು. ಗುಂಟೂರಿನ ಗೆಳತಿಗೆ ಅಳುಕುತ್ತಲೇ ಹೇಳಿದೆ. ಅವಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ನಿನ್ನ ಭಾಗ ನಾನು ಮಾಡ್ತೀನಿ. ಸಂಕ್ರಾಂತಿಗೆ ನಾನು ಮನೆಗೆ ಹೋದಾಗ ನನ್ನದು ನೀನು ಮಾಡು" ಅಂದಳು. ಐದು ತಿಂಗಳಿಂದ ಒಂದೇ ಮೇಜಿನಲ್ಲಿ ಕೂತು ಊಟ ಮಾಡಿದ್ದೆವು. ಒಬ್ಬರಿಗೊಬ್ಬರು ಏನನ್ನಾದರೂ ಕೇಳಿಕೊಂಡಿದ್ದು ಅವತ್ತೇ ಮೊದಲು. ನಮ್ಮ ಸ್ನೇಹ ಶುರುವಾಗಿದ್ದು ಅಲ್ಲಿಂದ ಅಂತಲೇ ನಾನು ಲೆಕ್ಕ ಹಾಕೋದು.

365 ನಂಬರಿನ ಸಿಟಿ ಬಸ್ಸು ಹಿಡಿದು ಮೆಜೆಸ್ಟಿಕ್, ಅಲ್ಲಿಂದ ರಾತ್ರಿ ಬಸ್ಸು. ಮಂಡಗದ್ದೆ ದಾಟುವಾಗ ಎಚ್ಚರವಾಯಿತು. ಮರಗಳ ಸಂದಿಯಲ್ಲಿ ತುಂಗೆ ಮಂಜು ಹೊದ್ದು ಮಲಗಿದ್ದಳು. ಮನೆ ಮುಟ್ಟಿ, ಅಜ್ಜಿಯ ಕೈ ಮುಟ್ಟಿ ನೋಡಿ, ಕಾಫಿ ಕುಡಿದು ಮಲಗಿದವಳು ಎದ್ದಿದ್ದು ಸಂಜೆ 5ಕ್ಕೆ. ಯಾರೂ ಎಬ್ಬಿಸಿರಲಿಲ್ಲ.

ಅಡಿಕೆ ಗೊನೆ ಕೊಯ್ಲಿನ ಕಾಲ. ರಾತ್ರಿ ಅಂಗಳದಲ್ಲಿ ದೀಪದ ಕೆಳಗೆ ಹತ್ತು ಹನ್ನೆರಡು ಜನ ಹೆಂಗಸರು ಅಡಿಕೆ ಸುಲಿಯುತ್ತಿದ್ದರು. ಆಚೆ ಒಲೆ ಮೇಲೆ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು, ಆ ನೀರಿನ, ಚೊಗರಿನ, ಒಗರು ವಾಸನೆ ಮನೆಯೆಲ್ಲ ತುಂಬಿತ್ತು. ನಾನೂ ಒಂದು ಮೆಟ್ಟುಗತ್ತಿ ಹಿಡಿದು ಕೂತೆ. ಹಲಗೆಯನ್ನು ಮೆಟ್ಟಿ ಹಿಡಿದು, ಕಾಯನ್ನು ಎರಡೂ ಕೈಯಲ್ಲಿ ಕತ್ತಿಗೆ ಒತ್ತಿ ತಿರುವಬೇಕು. ಪಳಗಿದವರಿಗೆ ಎರಡು ಮೂರು ಏಟು ಸಾಕು, ಸಿಪ್ಪೆ ಆ ಕಡೆ, ಅಡಿಕೆ ಬುಟ್ಟಿಗೆ. ನನ್ನ ಕಾಯಿ ಜಾರುತ್ತಿತ್ತು. ಅಜ್ಜಿ ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಪಕ್ಕದಲ್ಲೇ ಕೂತಿದ್ದರು.

"ಮಾತಾಡ್ತಾ ಸುಲೀಬೇಡ, ಬೆರಳು ಹೋಗ್ತದೆ."

"ಅವರೆಲ್ಲ ಮಾತಾಡ್ತಿದಾರಲ್ಲ ಅಜ್ಜಿ?"

"ಅವರು ದಿನಾ ಕೂರೋರು. ನಿಂಗೆ ಅಭ್ಯಾಸ ತಪ್ಪಿದೆ."

ಹಾಗಾಗಿ ಸುಮ್ಮನೆ ಸುಲಿದೆ. ಎರಡು ಗಂಟೆ ಹೊತ್ತು ನನ್ನ ಕಣ್ಣು ಆ ಕತ್ತಿ ಬಿಟ್ಟು ಬೇರೆಲ್ಲೂ ಹೋಗಲಿಲ್ಲ. ಮೂರು ತಿಂಗಳಲ್ಲಿ ತಲೆ ಅಷ್ಟು ಹಗುರಾಗಿದ್ದು ನನಗೆ ನೆನಪಿಲ್ಲ.

ವಾಪಸ್ ಬಂದ ಮೇಲೆ ಒಂದು ಕ್ಲಬ್ ಬಿಟ್ಟೆ. ರಾತ್ರಿ 9ರಿಂದ 10 ಬಿಳಿ ಜಾಗ, ಅದಕ್ಕೆ ಹೆಸರೂ ಇಲ್ಲ, ಬಣ್ಣವೂ ಇಲ್ಲ. ಮನೆಗೆ ಮಾತಾಡುತ್ತೀನಿ, ಇಲ್ಲವಾ ಗೆಳತಿಯ ಜೊತೆ ಆ ಕಲ್ಲಿನ ಓಣಿಗಳಲ್ಲಿ ಒಂದು ಸುತ್ತು, ಒಂದೊಂದು ದಿನ ಸುಮ್ಮನೆ ಮಲಗೋದು. ಗ್ರೂಪ್ ಮೀಟಿಂಗ್ 10ಕ್ಕೇ ಶುರು ಮಾಡೋಣ ಅಂತ ಕೇಳಿಕೊಂಡೆ, ಉಳಿದವರಿಗೂ ಅದೇ ಬೇಕಿತ್ತು. ಒಂದು ವಿಷಯದಲ್ಲಿ ಗ್ರೇಡ್ ಇಳಿಯಿತು. ಬೇಜಾರಾಯಿತು, ಇಲ್ಲ ಅನ್ನಲ್ಲ. ಆದರೂ ಆ ಒಂದು ಗಂಟೆಗೆ ಕೈ ಹಾಕಲಿಲ್ಲ.

"ಎರಡೇ ವರ್ಷ ತಾನೇ, ಹಲ್ಲು ಕಚ್ಚಿ ಓದಿಬಿಡು, ಆಮೇಲೆ ನಿದ್ದೆ, ಆಮೇಲೆ ಮನೆ" ಅಂತ ಸೀನಿಯರುಗಳು ಹೇಳುತ್ತಾರೆ. ಪ್ರೀತಿಯಿಂದಲೇ ಹೇಳೋದು. ನನಗೆ ಅದು ಒಪ್ಪಿಗೆಯಾಗಲ್ಲ. ನನಗೆ 26, ಅಜ್ಜಿಗೆ 81. ನನ್ನ ಎರಡು ವರ್ಷವೂ ಅವರ ಎರಡು ವರ್ಷವೂ ಒಂದೇ ಅಳತೆಯದ್ದಾ?

ಮೊನ್ನೆ ಬುಧವಾರ ರಾತ್ರಿ 11 ದಾಟಿತ್ತು, ಗ್ರೂಪಿನವರ ಜೊತೆ ಕೂತಿದ್ದೆ. ಅಮ್ಮನ ಫೋನು. ಆ ಹೊತ್ತಿಗೆ ಅವರು ಎಂದೂ ಮಾಡಿದವರಲ್ಲ. ಎದೆ ಧಸಕ್ ಅಂತು, ಹೊರಗೆ ಓಡಿದೆ.

"ಗೌರಿ ಕರು ಹಾಕ್ತು ಕಣೇ. ಹೆಣ್ಣು ಕರು, ಹಣೆ ಮೇಲೆ ಬಿಳಿ ಚುಕ್ಕೆ ಇದೆ. ನೀ ಓದ್ತಿದ್ಯೇನೋ, ಆದ್ರೂ ಈಗ್ಲೇ ಹೇಳೋಣ ಅನ್ನಿಸ್ತು."

ಕಲ್ಲಿನ ಕಟ್ಟೆ ಮೇಲೆ ಕೂತು ಕೇಳಿದೆ. ಕರು ಎದ್ದು ನಿಂತಿದ್ದು, ಎರಡು ಸಲ ಮುಗ್ಗರಿಸಿದ್ದು, ಅಜ್ಜಿ ಕೊಟ್ಟಿಗೆ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕೂತು ಒಳಗೆ ಬರಲ್ಲ ಅಂತ ಹಠ ಹಿಡಿದಿದ್ದು, ಎಲ್ಲವನ್ನೂ.