ಮುತ್ಯಾನ ಮನಿ, 1964ರ ಸ್ಲ್ಯಾಬು, ಮತ್ತ ನನ್ನ ಬ್ಯಾಸಗಿ ರಜಾ

ಹೋದ ತಿಂಗಳ ನಮ್ಮ ತಮ್ಮ ಪುಣೆದಿಂದ ವಾಟ್ಸಾಪ್‌ನಾಗ ಒಂದು ಫೋಟೋ ಕಳಸ್ದ. ಕ್ಯಾಲಿಫೋರ್ನಿಯಾದ್ದು ಯಾವದೋ ಮನಿ. ಚಪ್ಪಟಿ ಮಾಳಗಿ, ಉದ್ದಕ ಹೊರಗ ಬಂದಿರೋ ಸಜ್ಜಾ, ಸಾಲಾಗಿ ಕಿಟಕಿ, ಮೊಸಾಯಿಕ್ ನೆಲ, ಮೂಲ್ಯಾಗ ಒಂದು ಬೆತ್ತದ ಕುರ್ಚಿ. "ಅಣ್ಣಾ, ಥೇಟ್ ಮುತ್ಯಾನ ಮನಿ ಇದ್ದಂಗ ಅದಲ್ಲ?" ಅಂತ ಬರದಿದ್ದ. ದೀಪಾವಳಿಗಿ ಬಂದಾಗ ಇದೇ ಮನಿ ಕೆಡವಿ ಬಿಲ್ಡರ್‌ಗಿ ಕೊಟ್ಟು ಎರಡೆರಡು ಫ್ಲ್ಯಾಟ್ ತಗೊಳ್ಳೋಣ ಅಂದಾಂವ ಇವನೇ ನೋಡ್ರಿ. ಈಗ ಇದಕ್ಕ ಮಿಡ್ ಸೆಂಚುರಿ ಮಾಡರ್ನ್, ಅಂದ್ರ ಹೋದ ಶತಮಾನದ ನಡುವಿನ ಕಾಲದ ಮನಿ ಶೈಲಿ, ಅಂತ ಹೆಸರದ ಅಂತ ಗೊತ್ತಾಗಿ ಒಮ್ಮಿಗೇ ಪ್ರೀತಿ ಉಕ್ಕಿ ಬಂದದ.

ಮುತ್ಯಾ ಕಲಬುರಗಿಯೊಳಗ ಈ ಮನಿ ಕಟ್ಟಿಸಿದ್ದು 1964ರಾಗ. ಆಗ ಊರಿಗಿ ಗುಲಬರ್ಗಾ ಅಂತಿದ್ರು, 1956ರಾಗ ನಾವು ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯಕ್ಕ ಬಂದು ಎಂಟೇ ವರ್ಷ ಆಗಿತ್ತು, ಮುತ್ಯಾನ ಕೈಬರಹ ಇನ್ನಾ ಅರ್ಧ ಉರ್ದು ಅರ್ಧ ಕನ್ನಡ. ಸಿಮೆಂಟು ಪರ್ಮಿಟ್ ಮ್ಯಾಲ ಸಿಗ್ತಿತ್ತು. ಮಗ್ಗಲ ಶಹಾಬಾದ್‌ನಾಗೇ ಸಿಮೆಂಟ್ ಫ್ಯಾಕ್ಟರಿ ಇತ್ತು, ರೈಲು ಹತ್ತಿದ್ರ ತಾಸಿನೊಳಗ ಮುಟ್ತೀವಿ, ಆದ್ರೂ ಒಂದೊಂದು ಚೀಲಕ್ಕ ಅರ್ಜಿ ಬರೀಬೇಕು. ಸಿಮೆಂಟಿನ ಮ್ಯಾಲಿನ ಸರ್ಕಾರದ ಕಂಟ್ರೋಲ್ ಪೂರಾ ಹೋಗಿದ್ದೇ 1989ಕ್ಕ. ಅದಕ್ಕೇ ಗ್ವಾಡಿ ಎಲ್ಲಾ ಕಲ್ಲು ಸುಣ್ಣ, ಸಿಮೆಂಟ್ ಬಿದ್ದಿದ್ದು ಸ್ಲ್ಯಾಬಿಗಿ, ಸಜ್ಜಾಕ್ಕ ಅಷ್ಟೇ. ಅದೂ ಜುಗ್ಗತನದಾಗ, ಅದರ ಕಥಿ ಮುಂದ ಹೇಳ್ತೀನಿ.

ಮುತ್ಯಾ ಯಾವ ಫಾರಿನ್ ಮ್ಯಾಗಜಿನ್ನೂ ನೋಡ್ದಾಂವಲ್ಲ. ಪಿಡಬ್ಲ್ಯುಡಿ ಕ್ವಾರ್ಟರ್ಸ್ ನೋಡಿದ್ದ, ಅಲ್ಲಿ ಡ್ರಾಫ್ಟ್ಸ್‌ಮನ್ ಒಬ್ಬಾಂವ ಪರಿಚಯ ಇದ್ದ, ಅವನ ಕಡಿಂದ ನಕ್ಷೆ ಬರಸ್ಕೊಂಡ. ಆಗ ಎಲ್ಲಾ ಕಡಿ ಅದೇ ಗಾಳಿ. 1951ರಿಂದ ಚಂಡೀಗಢದಾಗ ಲೆ ಕಾರ್ಬೂಸಿಯೆ ಅನ್ನೋ ಫಾರಿನ್ ಆರ್ಕಿಟೆಕ್ಟ್, ಅವನ ಸಂಬಂಧಿಕ ಪಿಯೆರ್ ಜಾನ್ನರೆ ಕಾಂಕ್ರೀಟ್, ಜಾಳಿ, ಸಜ್ಜಾ ಅಂತ ಪೂರಾ ಶಹರನೇ ಕಟ್ಲತ್ತಿದ್ರು. ಅಲ್ಲಿ ಆಫೀಸ್‌ಗೋಳಿಗಿ ಮಾಡಿಸಿದ ಸಾಗವಾನಿ ಬೆತ್ತದ ಕುರ್ಚಿ ಮುಂದ ಹಳೇವಾದ್ವು ಅಂತ ಗುಜರಿ ರೇಟಿಗಿ ಹರಾಜಾದ್ವು, ಆಮ್ಯಾಲ ಅವೇ ಫಾರಿನ್‌ನಾಗ ಲಕ್ಷಗಟ್ಲೆಗಿ ಮಾರಾಟ ಆದ್ವು. ಇದು ಓದಿದ ದಿನ ನಾನು ಅಟ್ಟ ಹತ್ತಿ ನಮ್ಮವೆರಡು ಕುರ್ಚಿ ಇಳಿಸಿ ತಂದೆ. ಒಂದಕ್ಕ ಬೆತ್ತ ಪೂರಾ ಹರದದ. ಹೆಣೆಯೋರು ಸಿಗವಲ್ರು. ಒಬ್ಬಾಂವ ಸಿಕ್ಕ, ಪ್ಲಾಸ್ಟಿಕ್ ಪಟ್ಟಿ ಹಾಕಿ ಕೊಡ್ತೀನಿ ಅಂದ, ಬ್ಯಾಡ ಮಾರಾಯ ಅಂದೆ.

ಈ ಮನಿ ಚಂದ ಯಾಕ ಅಂದ್ರ, ಮುಂಜಾನಿ ಏಳಕ್ಕ ಪಡಸಾಲ್ಯಾಗ ಕೂತ್ರ ತಿಳೀತದ. ಲೈಟ್ ಹಚ್ಚೋದೇ ಬ್ಯಾಡ. ಕಿಟಕಿ ಮ್ಯಾಲ ಸಣ್ಣ ಸಣ್ಣ ವೆಂಟಿಲೇಟರ್ ಅವ, ಕಾದ ಗಾಳಿ ಮ್ಯಾಲೇರಿ ಅಲ್ಲಿಂದ ಹೊರಗ ಹೋಗ್ತದ. ಮೆಟ್ಲ ಹತ್ರ ಸಿಮೆಂಟಿನ ಜಾಳಿ, ಅದರ ನೆಳ್ಳು ಮೊಸಾಯಿಕ್ ಮ್ಯಾಲ ಬಿದ್ದು ಮಧ್ಯಾಹ್ನದತನಕ ಸರೀತಾ ಹೋಗ್ತದ, ಸಣ್ಣಾವ್ರಿದ್ದಾಗ ಅದರಾಗ ಕುಂಟಾಬಿಲ್ಲಿ ಆಡಿವಿ. ತೆಂಕಣ ಕಡಿ ಎರಡೂವರಿ ಫೂಟ್ ಸಜ್ಜಾ ಅದ. ನಮ್ಮೂರು 17 ಡಿಗ್ರಿ ಅಕ್ಷಾಂಶದಾಗದ, ಮೇ ತಿಂಗಳ ಶುರುವಿನಾಗ ಸೂರ್ಯ ಸೀದಾ ನೆತ್ತಿ ಮ್ಯಾಲ ಬರ್ತಾನ, ಅದಕ್ಕ ಆ ಗ್ವಾಡಿಗಿ ಬ್ಯಾಸಗ್ಯಾಗ ಬಿಸಲೇ ಹತ್ತಲ್ಲ, ಚಳಿಗಾಲದಾಗ ಮಾತ್ರ ಒಳಗತನಕ ಬರ್ತದ. ಕ್ಯಾಲಿಫೋರ್ನಿಯಾದಾಗ ಜೋಸೆಫ್ ಐಕ್ಲರ್ ಅನ್ನೋ ಬಿಲ್ಡರ್ ಸುಮಾರು 11,000 ಇಂಥ ಮನಿ ಕಟ್ಸಿದ, ನೆಲದಿಂದ ಮಾಳಗಿತನಕ ಗ್ಲಾಸು. ಅದು ಅಲ್ಲಿಗಿ ಚಂದ. ಇಲ್ಲಿ ಪಡುವಣ ಕಡಿ ಹಂಗ ಗ್ಲಾಸ್ ಹಾಕಿದ್ರ ಮನ್ಯಾಗೇ ರೊಟ್ಟಿ ಸುಡಬಹುದು. ಈಗಿನ ಹೊಸ ಮನಿಗೋಳು ಅದನ್ನೇ ಮಾಡ್ಲತ್ತಾವ ಅನ್ನೋದು ಬ್ಯಾರೆ ಮಾತು.

ಆದ್ರ ಖರೆ ಹೇಳ್ಬೇಕಂದ್ರ ಸ್ಲ್ಯಾಬಿನ ಮನಿ ತಂಪಿಲ್ಲ. ನಮ್ಮ ಆಯಿ ಇರೋತನಕ ಅದೇ ಜಗಳ. "ಊರಾಗ ಮಣ್ಣಿನ ಮಾಳಗಿ ತೆಳಗ ಹಾಯಾಗಿ ಮಕ್ಕೋತಿದ್ದೆ, ನಿಮ್ಮಪ್ಪ ನನ್ನ ತಂದು ಹಂಚಿನ ಮ್ಯಾಲ ಹಾಕ್ಯಾನ" ಅಂತ ನಮ್ಮಪ್ಪಗ ಅಂತಿದ್ಳು. ಹಗಲೆಲ್ಲಾ 42, 43 ಡಿಗ್ರಿ ಕುಡದ ಸ್ಲ್ಯಾಬು ರಾತ್ರಿ ಎಲ್ಲಾ ಕೆಳಗ ಕಾರ್ತದ. ಆಯಿ ಹೊರಸು ಅಂಗಳಕ್ಕ ಹಾಕೊಂಡು ಮಲಗಾಕಿ. ಈಗ ನಾವು ವರ್ಷಾ ಯುಗಾದಿ ಆಸುಪಾಸು ಮಾಳಗಿಗಿ ದಪ್ಪಗ ಸುಣ್ಣ ಬಳೀತೀವಿ, ಬರಿಗಾಲಿಲೇ ನಿಂತ್ರ ಫರಕು ಗೊತ್ತಾಗ್ತದ.

ಈಗ ಆ ಜುಗ್ಗತನದ ಕಥಿ. 2020ರ ಅಕ್ಟೋಬರ್‌ನಾಗ ಭೀಮಾ ತುಂಬಿ ಬಂದು ಜಿಲ್ಲೆ ತುಂಬ ನೀರಾದಾಗ ನಮ್ಮ ಅಡಗಿ ಮನಿ ಛತ್ತಿಗಿ ಕಂದು ಬಣ್ಣದ ಕಲಿ ಬಂತು. ಸುಣ್ಣ ಬಳದು ಮುಚ್ಚಿದಿವಿ. ಮರುವರ್ಷ ಮತ್ತ ಬಂತು, ಮತ್ತ ಬಳದಿವಿ. ಈ ಸಲ ಏಪ್ರಿಲ್‌ನಾಗ ಒಂದಿನ ಮುಂದಿನ ಸಜ್ಜಾದ್ದು ಒಂದು ತುಂಡು ಕಳಚಿ ನನ್ನ ಸ್ಕೂಟರ್ ಸೀಟಿನ ಮ್ಯಾಲೇ ಬಿತ್ತು, ಹತ್ತು ನಿಮಿಷ ಮೊದಲ ನಾನು ಅಲ್ಲೇ ಇದ್ದೆ. ಗೌಂಡಿ ಚಾಚಾಗ ಕರಿಸಿದೆ. ವಯಸ್ಸು ಎಪ್ಪತ್ತರ ಮ್ಯಾಲ, ನಿಚ್ಚಣಿಕಿ ಮಾತ್ರ ನನಗಿಂತ ಮೊದಲ ಹತ್ತಿದ್ರು. ಸಣ್ಣ ಸುತ್ತಿಗಿ ತಗೊಂಡು ಸ್ಲ್ಯಾಬಿಗಿ ಕೆಳಗಿಂದ ಗೇಣು ಗೇಣಿಗಿ ಬಡದು ಬಡದು ಕೇಳ್ತಾರ. ಗಟ್ಟಿ ಇದ್ದಲ್ಲಿ ಠಣ್ ಅಂತದ, ಉಬ್ಬಿದಲ್ಲಿ ಡಬ್ ಡಬ್ ಅಂತದ. ಡಬ್ ಅಂದಲ್ಲೆಲ್ಲಾ ಇದ್ದಲಿಲೇ ಗೆರಿ ಹೊಡದ್ರು. ಅಡಗಿ ಮನಿ ಛತ್ತು ಅರ್ಧ ಕರ್ರಗಾಯ್ತು.

ಒಡದು ನೋಡಿದ್ರ ರಾಡು ಪೆನ್ಸಿಲ್‌ನಷ್ಟು, ನುಣ್ಣಂದು, ಈಗಿನಂಗ ಮ್ಯಾಲ ಗೀರು ಇಲ್ಲ. ಜಂಗು ಪದರ ಪದರಾಗಿ ಹಪ್ಪಳದಂಗ ಎದ್ದು ಬರ್ತದ, ಬಟ್ಟಿಲೆ ಒರಸಿದ್ರ ಒಳಗ ಉಳದ ಕಬ್ಬಿಣ ಅರ್ಧ. ರಾಡಿನ ತೆಳಗ ಕಾಂಕ್ರೀಟು ಅರ್ಧ ಇಂಚೂ ಇಲ್ಲ, ಸಿಮೆಂಟ್ ಉಳಸ್ಲಿಕ್ಕ ಅಷ್ಟೇ ಹಾಕ್ಯಾರ. ಹೊಸ ಕಾಂಕ್ರೀಟಿನಾಗ ಕ್ಷಾರ ಇರ್ತದ, ಅದು ಇರೋತನಕ ರಾಡಿಗಿ ಜಂಗು ಹತ್ತಲ್ಲ. ವರ್ಷಾನುಗಟ್ಲೆ ಗಾಳಿಯೊಳಗಿನ ಕಾರ್ಬನ್ ಡೈಆಕ್ಸೈಡ್ ಒಳಗ ಇಳದು ಇಳದು ಆ ಕ್ಷಾರ ತೀರ್ತದ, ಆಮ್ಯಾಲ ಮ್ಯಾಲಿಂದ ನೀರು ಸಿಕ್ರ ಮುಗೀತು, ಜಂಗು ಹಿಡದ ಕಬ್ಬಿಣ ಮೊದಲಿನ ಎರಡು ಪಟ್ಟಿಗಿಂತ ಜಾಸ್ತಿ ಜಾಗ ಕೇಳ್ತದ, ಜಾಗ ಇಲ್ಲಂದ್ರ ಕಾಂಕ್ರೀಟಿಗೇ ಹೊರಗ ನೂಕ್ತದ. ನಾವು ಸುಣ್ಣ ಬಳದು ಬಳದು ಮುಚ್ಚಿದ್ದು ಇದನ್ನೇ.

ನಾನು ಮೊದಲ ಒಳಗಿಂದು ರಿಪೇರಿ ಮಾಡ್ರಿ ಅಂದೆ. ಚಾಚಾ ನಕ್ಕು, "ಸಾಬ್, ನಲ್ಲಿ ಬಂದ್ ಮಾಡ್ದೆ ನೆಲ ಒರಸ್ತಾರೇನ್ರಿ?" ಅಂದ್ರು. ಮಾಳಗಿ ಮ್ಯಾಲ ನೀರು ಹೋಗೋ ಪೈಪಿನಾಗ ಬೇವಿನ ಎಲಿ ತುಂಬಿ ಕಲ್ಲಾಗಿತ್ತು, ಗ್ವಾಡಿ ಸ್ಲ್ಯಾಬು ಕೂಡೋ ಮೂಲ್ಯಾಗಿನ ಗೋಲಾ, ಅಂದ್ರ ನೀರು ಇಳೀಬಾರದಂತ ಗಚ್ಚಿಲೆ ದುಂಡಗ ಮಾಡಿದ ಅಂಚು, ಪೂರಾ ಬಿಟ್ಟಿತ್ತು. ಅವೆರಡು ಮೊದಲ. ಆಮ್ಯಾಲ ಹಳೇ ಗಚ್ಚು ತಗದು, ಇಟ್ಟಂಗಿ ಚೂರು ಗಚ್ಚಿನಾಗ ಕೂಡಿಸಿದ ಪದರ (ಅದಕ್ಕ ಕೋಬಾ ಅಂತಾರ) ಹಾಕಿ, ಹತ್ತು ಫೂಟಿಗಿ ಒಂದು ಇಂಚಿನಂಗ ಇಳಿಜಾರು ಕೊಟ್ಟು, ಒಡ್ಡು ಕಟ್ಟಿ ಎರಡು ದಿನ ನೀರು ನಿಲ್ಲಿಸಿ ನೋಡಿದಿವಿ. ಅದಾದ ಮ್ಯಾಲೇ ಒಳಗ ರಾಡಿಗಿ ವೈರ್ ಬ್ರಷ್, ಕೆಮಿಕಲ್, ಪಾಲಿಮರ್ ಗಿಲಾವ್. ಪೂರಾ ತಿಂದು ಹೋದ ನಾಲ್ಕು ಕಡಿ ಹೊಸ ರಾಡು ಜೋಡಸಿದ್ರು. ಅವ್ವ ಹದಿನೆಂಟು ದಿನ ಪಡಸಾಲ್ಯಾಗ ಅಡಗಿ ಮಾಡ್ಯಾಳ, ನನ್ನ ಕೂಡ ಮಾತು ಕಮ್ಮಿ ಆಗಿತ್ತು.

ನಂದೂ ಒಂದು ತಪ್ಪದ. ಬಚ್ಚಲ ಮನಿ ಶಹಾಬಾದ್ ಫರಸಿ ಮ್ಯಾಲ ಸಿಮೆಂಟ್ ಕಲಿ ಬಿದ್ದಿದ್ವು, ಅಂಗಡ್ಯಾಂವ ಕೊಟ್ಟ ಆ್ಯಸಿಡ್ ಸುರುವಿದೆ. ಬುರ್ ಅಂತ ನೊರಿ ಎದ್ದು ಬಂತು, ನಾನು ಹೊಲಸು ಹೋಗ್ಲತ್ತದ ಅಂತ ಖುಷಿಯಾಗಿ ನಿಂತೆ. ಹೋಗ್ಲತ್ತಿದ್ದು ಕಲ್ಲು. ಶಹಾಬಾದ್ ಕಲ್ಲು ಅಂದ್ರ ಸುಣ್ಣದ ಕಲ್ಲೇ, ಆ್ಯಸಿಡ್ ಅದಕ್ಕ ತಿಂತದ, ಮೊಸಾಯಿಕ್‌ನಾಗಿನ ಅಮೃತಶಿಲಾ ಚೂರಿಗೂ ಸಿಮೆಂಟಿಗೂ ಅದೇ ಗತಿ. ಅರವತ್ತು ವರ್ಷ ಕಾಲಿಲೇ ತಿಕ್ಕಿ ತಿಕ್ಕಿ ಕನ್ನಡಿ ಆಗಿದ್ದ ಫರಸಿ ಒಂದು ಅಂಗೈಯಷ್ಟು ಜಾಗದಾಗ ಖರಖರ ಆಗ್ಯದ, ಈಗೂ ಕಾಲಿಗಿ ಹತ್ತತದ. ಸಾದಾ ನೀರು, ಜರಾ ಸಾಬೂನು, ಅಷ್ಟೇ ಸಾಕು ನೋಡ್ರಿ ಇವಕ್ಕ.

ಕಿಟಕಿ ಇನ್ನಾ ಬಾಕಿ ಅವ. ಇಂಗ್ಲಿಷಿನ ಝಡ್ ಅಕ್ಷರದಂಗ ಮಡಚಿದ ಕಬ್ಬಿಣದ ಪಟ್ಟಿಯವು, ಗ್ಲಾಸಿನ ಸುತ್ತ ಪುಟ್ಟಿ ಒಣಗಿ ಉದರ್ಲತ್ತದ. ಅಂಗಡ್ಯಾಗ ಸಿಲಿಕಾನ್ ಹಚ್ರಿ ಅಂತಾರ. ಹಳೇ ಪುಟ್ಟಿ ಅಂದ್ರ ಖಡುವಿನ ಪುಡಿ, ಅಗಸಿ ಎಣ್ಣಿ, ಮುಗೀತು. ಅವ್ವಗ ಹೇಳಿದ್ರ "ಅಗಸಿ ಹಿಂಡಿ ರೊಟ್ಟಿ ಕೂಡ ತಿಂತೀವಿ, ನೀ ಕಿಟಕಿಗೂ ತಿನಸ್ಲತ್ತಿ" ಅಂದ್ಳು. ಒಂದು ಕಿಟಕಿಗಿ ನಾನೇ ಕಲಸಿ ಹಚ್ಚೀನಿ, ವಾರ ಆಯ್ತು, ಇನ್ನಾ ಮೆತ್ತಗದ.

ಮೊನ್ನಿ ಮೊದಲನೇ ಮಳಿ ಬಂತು. ರಾತ್ರಿ ಹನ್ನೊಂದಕ್ಕ ಬ್ಯಾಟರಿ ಹಿಡದು ಎಲ್ಲಾ ಛತ್ತು ನೋಡ್ದೆ, ಅಡಗಿ ಮನಿ ಒಣಗಿತ್ತು, ಮೆಟ್ಲ ಮ್ಯಾಲ ಒಂದು ಕಡಿ ಹನಿ ಬಿದ್ವು, ಬಕೀಟ ಇಟ್ಟೀನಿ, ಚಾಚಾ ಐತವಾರ ಬರ್ತಾರ. ಫೋಟೋ ಎಲ್ಲಾ ತಮ್ಮಗ ಕಳಸ್ದೆ. ಭಾರಿ ಆಗ್ಯದ ಅಣ್ಣಾ, ಆ ಬೆತ್ತದ ಕುರ್ಚಿ ಒಂದು ನನ್ನ ಫ್ಲ್ಯಾಟಿಗಿ ಕಳಸು ಅಂದ. ಮೊದಲ ಮಾಳಗಿ ಖರ್ಚಿಂದು ಅರ್ಧ ಹಾಕು ಅಂತ ಬಿಲ್ಲು ಕಳಸೀನಿ. ಎರಡು ನೀಲಿ ಗೆರಿ ಬಿದ್ದಾವ, ಉತ್ತರ ಇನ್ನಾ ಬಂದಿಲ್ಲ.