ಚಂದ್ರನನ್ನು ಆರಿಸಲು ಹೋದ ಊರು

ಬೆಲ್ಜಿಯಂಗೆ ಹೋದವರೆಲ್ಲ ಬ್ರೂಗ್ಸ್ ಫೋಟೋ ಹಾಕುತ್ತಾರೆ. ನಾವೂ ಹೋಗಿದ್ದೆವು. ಚೆಂದ ಇದೆ, ಇಲ್ಲ ಅನ್ನಲ್ಲ. ಆದರೆ ಕಾಲಿಡಲು ಜಾಗವಿಲ್ಲದಷ್ಟು ಜನ, ಎಲ್ಲಿ ತಿರುಗಿದರೂ ಚಾಕೊಲೇಟ್ ಅಂಗಡಿ. ಎರಡು ದಿನ ಅಲ್ಲೇ ಹೋಯಿತು. ಮನಸ್ಸಿನಲ್ಲಿ ಉಳಿದಿದ್ದು ಮಾತ್ರ ಮೆಖೆಲೆನ್ ಅನ್ನುವ ಊರು.

ಮಗಳು ಬ್ರಸೆಲ್ಸ್‌ನಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿಂದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಅಷ್ಟಕ್ಕೂ ನಾವು ಮೊದಲ ರೈಲು ತಪ್ಪಿಸಿಕೊಂಡೆವು. ಅವಳು ಕಾಫಿ ತರಲು ಹೋಗಿದ್ದಳು, ನಾನು 'ಮೆಖೆಲೆನ್' ಅನ್ನುವ ಶಬ್ದಕ್ಕೆ ಕಿವಿಗೊಟ್ಟು ಕೂತಿದ್ದೆ. ಮೈಕಿನಲ್ಲಿ ಏನೋ 'ಮಲೀನ್' ಅಂದರು. ಅದು ಯಾವೂರೋ ಅಂದುಕೊಂಡೆ. ಫ್ರೆಂಚ್‌ನಲ್ಲಿ ಇದೇ ಊರಿಗೆ ಮಲೀನ್ ಅನ್ನುತ್ತಾರಂತೆ! ಹೋಗುವವರು ಊರಿನ ಎರಡೂ ಹೆಸರು ಬರೆದಿಟ್ಟುಕೊಳ್ಳಿ. ಆಂಟ್ವರ್ಪ್‌ಗೂ ಎರಡು ಹೆಸರು, ಲೂವೆನ್‌ಗೂ ಎರಡು. ಯುರೋಪ್ ಖಂಡದಲ್ಲಿ ಉಗಿಬಂಡಿ ಎಳೆದ ಮೊದಲ ಪ್ರಯಾಣಿಕರ ರೈಲು 1835ರಲ್ಲಿ ಓಡಿದ್ದು ಇದೇ ಬ್ರಸೆಲ್ಸ್–ಮೆಖೆಲೆನ್ ನಡುವೆ. ಅದನ್ನೂ ಯಾರಾದರೂ ಹೀಗೇ ತಪ್ಪಿಸಿಕೊಂಡಿರಬೇಕು.

ಊರಿನ ಚೌಕದಲ್ಲಿ ಶನಿವಾರದ ಸಂತೆ. ಅದರ ಪಕ್ಕದಲ್ಲೇ ಸಿಂಟ್ ರೊಂಬೌಟ್ ಚರ್ಚಿನ ಗೋಪುರ. 97 ಮೀಟರ್ ಎತ್ತರ. 167 ಮೀಟರ್ ಕಟ್ಟಬೇಕೆಂದಿದ್ದರಂತೆ, ಅರ್ಧಕ್ಕೆ ನಿಂತಿತು. ಹಾಗಾಗಿ ತುದಿ ಚೂಪಾಗಿಲ್ಲ, ಕತ್ತರಿಸಿಟ್ಟ ಹಾಗೆ ಚಪ್ಪಟೆ. ಹತ್ತಲು 538 ಮೆಟ್ಟಿಲು.

"ಬೇಡಮ್ಮಾ, ಆಮೇಲೆ ಮಂಡಿ ನೋವು ಅಂತೀಯ" ಅಂದಳು ಮಗಳು. ಶ್ರವಣಬೆಳಗೊಳ ಹತ್ತಿದವಳು ನಾನು, ಇದೇನು ಮಹಾ ಅಂದೆ. ಆದರೆ ಅಲ್ಲಿ ಗಾಳಿ ಇದೆ, ಆಕಾಶ ಇದೆ. ಇಲ್ಲಿ ಗೋಡೆಯ ಒಳಗೇ ಸುತ್ತಿ ಸುತ್ತಿ ಹೋಗುವ ಕಲ್ಲಿನ ಮೆಟ್ಟಿಲು, ಹಿಡಿದುಕೊಳ್ಳಲು ಒಂದು ಹಗ್ಗ. ಪುಣ್ಯಕ್ಕೆ ನಡುನಡುವೆ ಕೋಣೆಗಳಿವೆ. ಒಂದರಲ್ಲಿ ಮರದ ದೊಡ್ಡ ಚಕ್ರ. ಅದರೊಳಗೆ ಆಳುಗಳು ನಡೆಯುತ್ತಿದ್ದರೆ ಚಕ್ರ ತಿರುಗಿ, ಕೆಳಗಿನಿಂದ ಭಾರ ಮೇಲೇರುತ್ತಿತ್ತು.

ಇನ್ನೂ ಮೇಲೆ ಗಂಟೆಗಳನ್ನು ನುಡಿಸುವ ಜಾಗ. ಗಂಟೆ ಅಂದರೆ ನಮ್ಮ ದೇವಸ್ಥಾನದಲ್ಲಿನ ಹಾಗೆ ಹಗ್ಗ ಎಳೆಯುವುದಲ್ಲ. 49 ಗಂಟೆಗಳ ಒಂದು ವಾದ್ಯ. ಅಂಥವು ಈ ಗೋಪುರದಲ್ಲಿ ಎರಡಿವೆ. ಹಾರ್ಮೋನಿಯಂ ಮನೆಗಳ ಬದಲು ಮರದ ಹಿಡಿಗಳ ಸಾಲು, ಅದನ್ನು ಬೆರಳಿನಿಂದ ಒತ್ತುವುದಿಲ್ಲ, ಮುಷ್ಟಿಯಿಂದ ಗುದ್ದುತ್ತಾರೆ. ಭಾರಿ ಗಂಟೆಗಳಿಗೆ ಕಾಲಿನ ಪೆಡಲ್. ತಂತಿ ಎಳೆದು ನಾಲಿಗೆ ಬಡಿಯುತ್ತದೆ, ಗಂಟೆ ಅಲ್ಲಾಡುವುದೇ ಇಲ್ಲ. ಇದನ್ನು ಕಲಿಸುವ ಶಾಲೆ 1922ರಲ್ಲಿ ಇದೇ ಊರಲ್ಲಿ ಶುರುವಾಗಿದ್ದು, ಪ್ರಪಂಚದಲ್ಲೇ ಮೊದಲನೆಯದು.

ಅಲ್ಲಿ ಬೆಂಚಿನ ಮೇಲೆ ಒಬ್ಬ ಅಜ್ಜ ಸುಧಾರಿಸಿಕೊಳ್ಳುತ್ತಿದ್ದರು. ನಾನೂ ಕೂತೆ. "ಈ ಮೆಟ್ಟಿಲನ್ನು ನಮ್ಮ ಜನ ನೀರಿನ ಬಕೆಟ್ ಹಿಡಿದು ಹತ್ತಿದ್ದಾರೆ ಗೊತ್ತಾ?" ಅಂದರು ಇಂಗ್ಲಿಷಿನಲ್ಲಿ.

1687ರ ಜನವರಿಯ ಒಂದು ರಾತ್ರಿ. ಹೋಟೆಲಿನಲ್ಲಿ ಚೆನ್ನಾಗಿ ಕುಡಿದು ಹೊರಗೆ ಬಂದವನೊಬ್ಬ ತಲೆ ಎತ್ತಿ ನೋಡುತ್ತಾನೆ, ಗೋಪುರದ ತುದಿ ಕೆಂಪಗೆ ಉರಿಯುತ್ತಿದೆ! ಕೂಗು ಹಾಕಿದ. ಊರೆಲ್ಲ ಎದ್ದಿತು. ಮೆಟ್ಟಿಲಿನ ಉದ್ದಕ್ಕೂ ನಿಂತು ಬಕೆಟ್‌ಗಳನ್ನು ಕೈಯಿಂದ ಕೈಗೆ ದಾಟಿಸಿದರು. ನಮ್ಮಲ್ಲಿ ಮನೆಗೆ ಮೋಲ್ಡ್ ಹಾಕುವಾಗ ಕಾಂಕ್ರೀಟ್ ಬಾಂಡ್ಲಿ ದಾಟಿಸುತ್ತಾರಲ್ಲ, ಹಾಗೆ. ಇನ್ನೇನು ತುದಿ ಮುಟ್ಟಬೇಕು, ಅಷ್ಟರಲ್ಲಿ ಮಂಜು ಸರಿಯಿತು. ಬೆಂಕಿಯೂ ಇಲ್ಲ, ಏನೂ ಇಲ್ಲ. ಮಂಜಿನ ಹಿಂದಿದ್ದ ಕೆಂಪು ಚಂದ್ರ!

"ಯಾರಿಗೂ ಹೇಳಬೇಡಿ ಅಂತ ಮಾತಾಡಿಕೊಂಡರಂತೆ" ಅಂದರು ಅಜ್ಜ. ಅಂಥ ಸುದ್ದಿ ಎಲ್ಲಾದರೂ ನಿಲ್ಲುತ್ತದಾ? ಅಂದಿನಿಂದ ಈ ಊರಿನವರು 'ಮಾನೆಬ್ಲುಸ್ಸರ್ಸ್', ಅಂದರೆ ಚಂದ್ರನನ್ನು ಆರಿಸುವವರು.

"ನಿಮಗೆ ಬೇಜಾರಾಗಲ್ವಾ?"

"ಯಾಕೆ ಬೇಜಾರು? ಈಗ ನಾವೇ ಹಾಗೆ ಹೇಳಿಕೊಳ್ತೇವೆ. ಬಿಯರಿಗೂ ಅದೇ ಹೆಸರು ಇಟ್ಟಿದ್ದೇವೆ." ಆಮೇಲೆ ಕಣ್ಣು ಮಿಟುಕಿಸಿ, "ಪಕ್ಕದ ಆಂಟ್ವರ್ಪಿನವರನ್ನು ನಾವೂ ಸುಮ್ನೆ ಬಿಟ್ಟಿಲ್ಲ" ಅಂದರು. ಮೆರವಣಿಗೆಯಲ್ಲಿ ಬಟ್ಟೆ ಹಿಡಿದು ಗೊಂಬೆಯೊಂದನ್ನು ಮೇಲಕ್ಕೆ ಹಾರಿಸುವುದು ಇಲ್ಲಿನ ಹಳೆಯ ಪದ್ಧತಿ. 1775ರಲ್ಲಿ ಗೊಂಬೆ ಜನರ ಕಡೆಗೆ ಬಿತ್ತು. ಆಂಟ್ವರ್ಪಿನವನೊಬ್ಬ ಮೈಮೇಲೆ ಬೀಳದಿರಲಿ ಅಂತ ಕೈ ಅಡ್ಡ ಹಿಡಿದ. ಕಳ್ಳ ಅಂತ ಅವನಿಗೆ ಒದೆ ಬಿತ್ತು. ಆಂಟ್ವರ್ಪಿನವರನ್ನು 'ಸಿನ್ಯೋರ್', ಅಂದರೆ ದೊರೆ, ಅಂತ ಆಡಿಕೊಳ್ಳುತ್ತಿದ್ದರು, ಅದನ್ನೇ ಸೇರಿಸಿ ಗೊಂಬೆಗೆ 'ಒಪ್‌ಸಿನ್ಯೋರ್ಕೆ' ಅಂತ ಹೆಸರಿಟ್ಟರು. ಅದರ ಪ್ರತಿಮೆ ಈಗ ನಗರಸಭೆಯ ಮುಂದೆಯೇ ಇದೆ.

ಅಜ್ಜನಿಗೆ ನಾವು ಮಾಂಸ ತಿನ್ನುವುದಿಲ್ಲ ಅಂತ ಗೊತ್ತಾಯಿತು. "ಫ್ರೈಸ್ ತಿಂದ್ರಾ?" ಅಂದರು. ಮೂರು ದಿನದಿಂದ ಅದೇ ನಮ್ಮ ಊಟ. "ಇಲ್ಲಿ ಎಷ್ಟೋ ಕಡೆ ದನದ ಕೊಬ್ಬಿನಲ್ಲಿ ಕರೀತಾರೆ, ಕೇಳಿ ತಗೊಳ್ಳಿ." ಮಗಳ ಮುಖ ನೋಡಿದೆ. ಅವಳು ಗಂಟೆ ನೋಡುತ್ತಿದ್ದಳು. ಒಂದು ವರ್ಷದಿಂದ ಅಲ್ಲಿದ್ದಾಳೆ! ಸಸ್ಯಾಹಾರಿಗಳೇ, ದಯವಿಟ್ಟು ಮೊದಲೇ ಕೇಳಿ.

ತುದಿಯಲ್ಲಿ ಬ್ರಸೆಲ್ಸಿನ ಅಟೋಮಿಯಂ, ಅಂದರೆ ಲೋಹದ ಗೋಳಗಳನ್ನು ಜೋಡಿಸಿದ ದೊಡ್ಡ ಕಟ್ಟಡ, ಸಣ್ಣದಾಗಿ ಕಂಡಿತು. ಗಾಳಿಗೆ ನಿಲ್ಲಲಾಗದೆ ಬೇಗ ಇಳಿದೆವು.

ಅಜ್ಜ ಬೆಂಚಿನ ಮೇಲೆ ಇನ್ನೂ ಕೂತಿದ್ದರು. "ನಿಮ್ಮೂರಿನವರನ್ನು ಪಕ್ಕದ ಊರಿನವರು ಏನಂತ ಆಡಿಕೊಳ್ತಾರೆ?" ಅಂತ ಕೇಳಿದರು. ನನಗೆ ತಕ್ಷಣ ನೆನಪಾಯಿತು, ಆದರೆ ಇಂಗ್ಲಿಷಿಗೆ ಹೇಗೆ ತರುವುದು? ಕೈಬಾಯಿ ತಿರುಗಿಸಿ ಹೇಗೋ ಹೇಳಿದೆ. ಅಜ್ಜ ಗೋಡೆ ಹಿಡಿದುಕೊಂಡು ನಕ್ಕರು. ಅದೇನೆಂದು ಇಲ್ಲಿ ಬರೆಯುವುದಿಲ್ಲ, ಊರಿನವರೂ ಓದುತ್ತಾರೆ.