ಕಾಲು ಒತ್ತಿದರೆ ಕೈ ಬೀಸುವ ಗೊಂಬೆಗಳು

ಸೂಪರ್‌ಹೀರೋ ಆಕ್ಷನ್ ಫಿಗರ್‌ಗಳಲ್ಲಿ ನಾನು ಮನಸ್ಸಿಟ್ಟು ಹುಡುಕುವುದು ಅಮೆರಿಕದ ಕೆನ್ನರ್ ಕಂಪನಿ 1984ರಿಂದ 1986ರವರೆಗೆ ಹೊರತಂದ ‘ಸೂಪರ್ ಪವರ್ಸ್’ ಸರಣಿಯ ಗೊಂಬೆಗಳನ್ನು ಮಾತ್ರ. ಸೂಪರ್‌ಮ್ಯಾನನ ಎರಡೂ ಕಾಲುಗಳನ್ನು ಬೆರಳುಗಳ ನಡುವೆ ಹಿಡಿದು ಒತ್ತಿದರೆ ಅವನ ತೋಳು ಗುದ್ದಲು ಏಳುತ್ತದೆ. ಫ್ಲ್ಯಾಶ್‌ನ ತೋಳುಗಳನ್ನು ಒತ್ತಿದರೆ ಕಾಲುಗಳು ಓಡತೊಡಗುತ್ತವೆ. ಬ್ಯಾಟರಿಯ ಹಂಗಿಲ್ಲದೆ, ಅಂಗೈಯಲ್ಲಿ ಹಿಡಿಸುವ ಮೈಯೊಳಗೆ ಅಡಗಿಸಿದ ಪುಟ್ಟ ಯಂತ್ರವೊಂದು ಆಯಾ ವೀರನ ಶಕ್ತಿಯನ್ನೇ ಚಲನೆಯಾಗಿಸಿದ್ದು ನನಗೆ ಈಗಲೂ ಬೆರಗಿನ ವಿಷಯ.

1964ರಲ್ಲಿ ಹ್ಯಾಸ್‌ಬ್ರೋ ಕಂಪನಿ ತನ್ನ ಜಿ.ಐ. ಜೋ ಸೈನಿಕನನ್ನು ಮಾರುಕಟ್ಟೆಗೆ ತಂದಾಗ, ಗೊಂಬೆ ಎಂದರೆ ಗಂಡುಮಕ್ಕಳು ಮುಟ್ಟುವುದಿಲ್ಲವೆಂಬ ಅಂಜಿಕೆಯಿಂದ ‘ಆಕ್ಷನ್ ಫಿಗರ್’ ಎಂಬ ಹೆಸರನ್ನು ಬಳಕೆಗೆ ತಂದಿತು. ದಸರೆಯಲ್ಲಿ ಪಟ್ಟದ ಗೊಂಬೆಗಳನ್ನು ಕೂರಿಸಿ ಆರತಿ ಎತ್ತುವ ಮನೆಯಲ್ಲಿ ಬೆಳೆದ ನನಗೆ ಆ ಅಂಜಿಕೆ ಎಂದೂ ಅರ್ಥವಾಗಿಲ್ಲ. ನಮ್ಮಮ್ಮ ಕೆಳಗಿನ ಮೆಟ್ಟಿಲಲ್ಲಿ, ಶೆಟ್ಟಿ ದಂಪತಿಯ ಪಕ್ಕದಲ್ಲಿ, ನನ್ನ ಸೂಪರ್‌ಮ್ಯಾನನಿಗೂ ಜಾಗ ಕೊಡುತ್ತಿದ್ದರು. ಆದ್ದರಿಂದ ನಾನು ಇವುಗಳನ್ನು ಗೊಂಬೆಗಳೆಂದೇ ಕರೆಯುತ್ತೇನೆ.

ಈ ಸರಣಿಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಎರಡನೆಯ ವರ್ಷ ಬಂದ ಖಳನಾಯಕ ಡಾರ್ಕ್‌ಸೈಡ್. ಅದರ ತಲೆಯ ಹಿಂಭಾಗಕ್ಕೆ ಬೆಳಕು ಬಿದ್ದರೆ ಆ ಬೆಳಕು ಪಾರದರ್ಶಕ ಪ್ಲಾಸ್ಟಿಕ್‌ನ ಮೂಲಕ ಹಾದು ಕಣ್ಣುಗಳು ಕೆಂಪಗೆ ಹೊಳೆಯುತ್ತವೆ. ಈ ಪಾತ್ರವನ್ನು 1970ರ ದಶಕದ ಆರಂಭದಲ್ಲಿ ಸೃಷ್ಟಿಸಿದವರು ಕಾಮಿಕ್ಸ್ ಕಲಾವಿದ ಜ್ಯಾಕ್ ಕರ್ಬಿ. ಅಲ್ಲಿಯವರೆಗೂ ತಮ್ಮ ಸೃಷ್ಟಿಗಳ ಲಾಭದಲ್ಲಿ ತಕ್ಕ ಪಾಲು ಕಾಣದಿದ್ದ ಅವರಿಂದಲೇ, ಈ ವೀರರ ಕಾಮಿಕ್ಸ್ ಪ್ರಕಟಿಸುವ ಡಿಸಿ ಸಂಸ್ಥೆಯು ಆಟಿಕೆಗಳಿಗಾಗಿ ಅವರ ಪಾತ್ರಗಳನ್ನು ಹೊಸದಾಗಿ ವಿನ್ಯಾಸ ಮಾಡಿಸಿ, ಆ ಮೂಲಕ ಅವರಿಗೆ ಗೌರವಧನ ಸಲ್ಲುವಂತೆ ಮಾಡಿತು. ಒಬ್ಬ ಕಲಾವಿದನಿಗೆ ತಡವಾಗಿಯಾದರೂ ಸಂದ ನ್ಯಾಯದ ಗುರುತು ಆ ಗೊಂಬೆಯಲ್ಲಿದೆಯೆಂಬ ಕಾರಣಕ್ಕೆ ನಾನು ಅದನ್ನು ಕಪಾಟಿನ ನಡುವೆ ಇಟ್ಟಿದ್ದೇನೆ.

ಪೊಟ್ಟಣ ಬಿಚ್ಚದ ಗೊಂಬೆಗಳಿಗೇ ಹೆಚ್ಚು ಬೆಲೆ. ಆದರೂ ನಾನು ಮಕ್ಕಳು ಆಡಿ ಬಿಟ್ಟ ಗೊಂಬೆಗಳನ್ನೇ ಕೊಳ್ಳುತ್ತೇನೆ, ಏಕೆಂದರೆ ಒತ್ತಿ ನೋಡಲಾಗದ ಸೂಪರ್ ಪವರ್ಸ್ ಗೊಂಬೆ ಅರ್ಧ ಗೊಂಬೆ ಮಾತ್ರ. ಇಂಥವುಗಳಲ್ಲಿ ಮೊದಲು ಕಾಣೆಯಾಗುವುದು ಆಯುಧಗಳು ಮತ್ತು ಬಟ್ಟೆಯ ಮೇಲಂಗಿಗಳು. ಅಕ್ವಾಮ್ಯಾನನ ತ್ರಿಶೂಲವಾಗಲಿ ಪೆಂಗ್ವಿನ್‌ನ ಕೊಡೆಯಾಗಲಿ ಗೊಂಬೆಯ ಜೊತೆಗೇ ಸಿಗುವುದು ಅಪರೂಪ. ಬ್ಯಾಟ್‌ಮ್ಯಾನನ ಮೇಲಂಗಿ ಉಳಿದಿದ್ದರೂ ಅದನ್ನು ಕುತ್ತಿಗೆಗೆ ಹಿಡಿಸುವ ಪ್ಲಾಸ್ಟಿಕ್ ಕೊಂಡಿ ಮುರಿದಿರುತ್ತದೆ. ನಕಲಿ ಮೇಲಂಗಿಗಳೂ ಮಾರಾಟಕ್ಕಿರುವುದರಿಂದ ಕೊಂಡಿಯನ್ನು ಹತ್ತಿರದಿಂದ ತೆಗೆದ ಚಿತ್ರವನ್ನು ಕೇಳದೆ ನಾನು ಹಣ ಕಳಿಸುವುದಿಲ್ಲ. ಫ್ಲ್ಯಾಶ್‌ನ ಜೊತೆಗೆ ಕಳೆದುಹೋಗಬಹುದಾದ ಆಯುಧವಾಗಲಿ ಮೇಲಂಗಿಯಾಗಲಿ ಇಲ್ಲದ ಕಾರಣ, ಹೊಸದಾಗಿ ಸಂಗ್ರಹಿಸುವವರಿಗೆ ನಾನು ಅವನನ್ನೇ ಮೊದಲು ಸೂಚಿಸುತ್ತೇನೆ.

ಕಳೆದ ವರ್ಷ ಮಾರಾಟಗಾರರೊಬ್ಬರು ಸುಸ್ಥಿತಿಯಲ್ಲಿದೆ ಎಂದು ಕಳಿಸಿದ ಹಾಕ್‌ಮ್ಯಾನ್ ನೋಡಲು ಹೊಸದರಂತಿದ್ದರೂ ಕಾಲು ಒತ್ತಿದಾಗ ರೆಕ್ಕೆಗಳು ಅಲುಗಲಿಲ್ಲ. ನಾಲ್ಕು ದಶಕ ಹಳೆಯ ಪ್ಲಾಸ್ಟಿಕ್ಕನ್ನು ಬಲವಂತ ಮಾಡಿದರೆ ಸೀಳುತ್ತದೆಯೆಂದು ನಾನು ಅದನ್ನು ಬಿಚ್ಚುವ ಸಾಹಸ ಮಾಡಿಲ್ಲ. ಈಗ ಚಿತ್ರದ ಜೊತೆಗೆ, ಕಾಲು ಒತ್ತುವ ಕಿರು ವಿಡಿಯೊವನ್ನೂ ಕೇಳಿ ಪಡೆದ ಮೇಲೆಯೇ ಕೊಳ್ಳುತ್ತೇನೆ. ರೆಕ್ಕೆ ಬಡಿಯುವ ಇನ್ನೊಬ್ಬ ಹಾಕ್‌ಮ್ಯಾನನ ಹುಡುಕಾಟ ನಡೆದಿದೆ.